ಕನ್ನ ಹಾಕುವವನೂ ಕೈಕೆಲಸದವನೂ: ‘ಹ್ಯಾಕರ್’ ಎಂಬ ಮಾತಿನ ಚರಿತ್ರೆ

ಯಾರದೋ ಬ್ಯಾಂಕ್ ಖಾತೆಯಿಂದ ಹಣ ಮಾಯವಾದ ಸುದ್ದಿ ಬಂದಾಗಲೆಲ್ಲ ನಮ್ಮ ಕನ್ನಡ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ‘ಕನ್ನ’ ಎಂಬ ಹಳೆಯ ಪದ ಎದ್ದು ಬರುತ್ತದೆ. ಮಣ್ಣಿನ ಗೋಡೆಗೆ ತೂತು ಕೊರೆದು ರಾತ್ರೋರಾತ್ರಿ ಒಳಗೆ ನುಸುಳುತ್ತಿದ್ದ ಕಳ್ಳನಿಗಾಗಿ ಹುಟ್ಟಿದ ಪದವದು. ಈಗ ಕಂಪ್ಯೂಟರ್ ಮುಂದೆ ಕುಳಿತ ಹ್ಯಾಕರನ ಪಾಲಿಗೆ ಬಂದಿದೆ. ಅದೇ ಪತ್ರಿಕೆಯ ಶಿಕ್ಷಣದ ಪುಟ ತೆರೆದರೆ ಯಾವುದೋ ಎಂಜಿನಿಯರಿಂಗ್ ಕಾಲೇಜಿನ ‘ಹ್ಯಾಕಥಾನ್’ ವರದಿ ಕಾಣುತ್ತದೆ. ಪ್ರಾಂಶುಪಾಲರು ಉದ್ಘಾಟಿಸಿದ್ದಾರೆ, ಗೆದ್ದ ತಂಡಕ್ಕೆ ನಗದು ಬಹುಮಾನ ಸಿಕ್ಕಿದೆ. ಒಂದೇ ಮಾತು ಒಂದು ಪುಟದಲ್ಲಿ ಅಪರಾಧ, ಇನ್ನೊಂದು ಪುಟದಲ್ಲಿ ಅರ್ಹತೆ. ಇದು ಬರೀ ಭಾಷೆಯ ಚೇಷ್ಟೆಯಲ್ಲ. ಈ ಎರಡು ಅರ್ಥಗಳ ನಡುವೆ ಒಂದು ಸಿನಿಮಾ ಇದೆ, ಕೆಲವು ಕಾನೂನುಗಳಿವೆ, ಒಬ್ಬ ತರುಣನ ಸಾವಿದೆ.

ಕಂಪ್ಯೂಟರ್ ಕೆಲಸದವರ ಬಾಯಲ್ಲಿ ಈ ಮಾತು ಮೊದಲು ಚಾಲ್ತಿಗೆ ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಅಂದರೆ ಎಂಐಟಿಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಸಂಶೋಧನೆಗೆಂದು ತರಾತುರಿಯಲ್ಲಿ ಕಟ್ಟಿದ ಮರದ ಕಟ್ಟಡವೊಂದು ಅಲ್ಲಿತ್ತು. ಹೆಸರೂ ಇಲ್ಲದೆ ಕೇವಲ ‘20ನೇ ಕಟ್ಟಡ’ ಎಂದು ಕರೆಸಿಕೊಳ್ಳುತ್ತಿದ್ದ ಅದು 1998ರಲ್ಲಿ ನೆಲಸಮವಾಯಿತು. ಅದರ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳ ಆಟಿಕೆ ರೈಲು ಸಂಘವಿತ್ತು. ಕೆಲವರಿಗೆ ಪುಟ್ಟ ಬೋಗಿಗಳ ಮೇಲೆ ಪ್ರೀತಿ. ಮಿಕ್ಕವರಿಗೆ ಹಲಗೆಯ ಕೆಳಗೆ ಹೆಣೆದುಕೊಂಡಿದ್ದ ತಂತಿ, ರಿಲೇ, ಸ್ವಿಚ್ಚುಗಳ ಮೇಲೆ ಮೋಹ. ಈ ಎರಡನೆಯವರು ತಾವು ಮಾಡುತ್ತಿದ್ದ ರಿಪೇರಿ, ಪ್ರಯೋಗ, ಚಮತ್ಕಾರಗಳಿಗೆ ‘ಹ್ಯಾಕ್’ ಎನ್ನುತ್ತಿದ್ದರು.

ಈ ಅರ್ಥದಲ್ಲಿ ಆ ಪದದ ಅತಿ ಹಳೆಯ ದಾಖಲೆ ಎಂದು ಹೇಳಲಾಗುವುದು ಆ ಸಂಘದ 1955ರ ಏಪ್ರಿಲ್ ತಿಂಗಳ ಸಭಾ ನಡಾವಳಿ. ಅಲ್ಲಿ ಬರೆದಿರುವುದು ಬಹಳ ಸಣ್ಣ ಸಂಗತಿ: ವಿದ್ಯುತ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವವರು ಅಥವಾ ‘ಹ್ಯಾಕ್’ ಮಾಡುವವರು ಫ್ಯೂಸ್ ಸುಡದಂತೆ ಮೊದಲು ಕರೆಂಟ್ ಆರಿಸಿಕೊಳ್ಳಬೇಕೆಂದು ಸದಸ್ಯರೊಬ್ಬರ ವಿನಂತಿ. ನನಗೆ ಇದು ಬಹಳ ಇಷ್ಟವಾದ ದಾಖಲೆ. ಮುಂದೆ ಜಗತ್ತನ್ನೇ ಹೆದರಿಸಿದ ಪದವು ಮೊದಲು ಕಾಣಿಸಿಕೊಂಡದ್ದು ‘ನಿನ್ನ ಆಟದಿಂದ ಇನ್ನೊಬ್ಬನ ಕೆಲಸ ಕೆಡದಿರಲಿ’ ಎಂಬ ಶಿಷ್ಟಾಚಾರದ ವಾಕ್ಯದಲ್ಲಿ.

ರೈಲು ಸಂಘದ ಹುಡುಗರು ಬೇಗನೆ ಕಂಪ್ಯೂಟರುಗಳ ಕಡೆಗೆ ಹೊರಳಿದರು. ಆಗಿನ ದೊಡ್ಡ ಐಬಿಎಂ ಯಂತ್ರಗಳ ಬಳಿ ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಂಡಿಯೊಳಗೆ ಕೊಟ್ಟು, ಉತ್ತರಕ್ಕಾಗಿ ಕಾಯಬೇಕಿತ್ತು. ಗರ್ಭಗುಡಿಯ ಹೊರಗೆ ನಿಂತವರ ಪಾಡು. ಆದರೆ ಟಿಎಕ್ಸ್-0 ಎಂಬ ಯಂತ್ರವನ್ನೂ 1961ರಲ್ಲಿ ಬಂದ ಪಿಡಿಪಿ-1 ಯಂತ್ರವನ್ನೂ ಅವರು ತಾವೇ ಮುಟ್ಟಿ ನಡೆಸಬಹುದಾಗಿತ್ತು. ಬರೆದ ಪ್ರೋಗ್ರಾಮುಗಳ ಕಾಗದದ ಸುರುಳಿಗಳನ್ನು ಯಂತ್ರದ ಬಳಿಯ ಡ್ರಾಯರಿನಲ್ಲಿ ಇಡುತ್ತಿದ್ದರು. ಬೇಕಾದವರು ತೆಗೆದು ನೋಡಬಹುದು, ತಿದ್ದಬಹುದು, ಉತ್ತಮಪಡಿಸಿ ಮತ್ತೆ ಅಲ್ಲೇ ಇಡಬಹುದು. 1962ರ ‘ಸ್ಪೇಸ್‌ವಾರ್’ ಎಂಬ ಆಟ ಬೆಳೆದದ್ದು ಹೀಗೆ, ಹಲವರ ಕೈಯಲ್ಲಿ.

ಆ ದಶಕದ ಕೊನೆಗೆ ಅಲ್ಲಿ ಬರೆದ ‘ಐಟಿಎಸ್’ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಪಾಸ್‌ವರ್ಡ್ ಇರಲಿಲ್ಲ. ಒಬ್ಬನ ಪರದೆಯಲ್ಲಿ ಏನು ನಡೆಯುತ್ತಿದೆ ಎಂದು ಇನ್ನೊಬ್ಬ ನೋಡಬಹುದಿತ್ತು. ಇಡೀ ಯಂತ್ರವನ್ನು ಕೆಡವಲೆಂದೇ ಒಂದು ಆಜ್ಞೆಯನ್ನೂ ಇಟ್ಟಿದ್ದರು. ಯಾರು ಬೇಕಾದರೂ ಕೊಡಬಹುದಾದ ಆಜ್ಞೆ. ಕೆಡವುದು ಅಷ್ಟು ಸುಲಭವಾದ ಮೇಲೆ ಅದರಲ್ಲಿ ಸಾಹಸವೇನು ಉಳಿಯಿತು? ಬೀಗ ಹಾಕಿ ಕಾವಲು ಕೂರುವ ಬದಲು ಬೀಗ ಮುರಿಯುವ ಆಸೆಯನ್ನೇ ಕೊಂದ ಉಪಾಯ ಇದು.

ಇದೊಂದು ಸುವರ್ಣಯುಗವೆಂದು ಹೇಳಿಬಿಟ್ಟರೆ ತಪ್ಪಾಗುತ್ತದೆ. ಆ ಕೋಣೆಯಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಗಂಡುಹುಡುಗರು, ಬಹಳ ಜಾಣರು, ಒಬ್ಬರನ್ನೊಬ್ಬರು ಬಲ್ಲವರು. ಅವರ ಯಂತ್ರಗಳಿಗೆ ಹಣ ಬರುತ್ತಿದ್ದುದು ಬಹುಪಾಲು ಅಮೆರಿಕದ ಸೈನ್ಯದ ಬೊಕ್ಕಸದಿಂದ. 1963ರಲ್ಲೇ ಎಂಐಟಿಯ ವಿದ್ಯಾರ್ಥಿ ಪತ್ರಿಕೆ ದೂರವಾಣಿ ಜಾಲವನ್ನು ದುರುಪಯೋಗ ಮಾಡುತ್ತಿದ್ದ ‘ಹ್ಯಾಕರ್’ಗಳ ಬಗ್ಗೆ ದೂರಿತ್ತು, ಅಂದರೆ ಕೆಟ್ಟ ಅರ್ಥವೂ ಅದೇ ಅಂಗಳದಲ್ಲಿ ಹುಟ್ಟಿದ್ದೇ. ಅಲ್ಲಿಯ ಪ್ರಾಧ್ಯಾಪಕರೇ ಆಗಿದ್ದ ಜೋಸೆಫ್ ವೈಜನ್‌ಬಾಮ್ 1976ರ ತಮ್ಮ ಪುಸ್ತಕದಲ್ಲಿ ಊಟ, ನಿದ್ರೆ, ಮಾತು ಬಿಟ್ಟು ಯಂತ್ರಕ್ಕೆ ಅಂಟಿಕೊಂಡ ಈ ಹುಡುಗರನ್ನು ಜೂಜುಕೋರರಿಗೆ ಹೋಲಿಸಿದರು. ಸಮರು ಸಮರ ನಡುವೆ ಆಡಿಕೊಳ್ಳುವ ಒರಟು ಮಾತು ಒಂದು ಕೋಣೆಯೊಳಗೆ ಸಹ್ಯವಾಗಬಹುದು. ಅದೇ ಮಾತು ತಂತಿಯ ಮೇಲೆ ಸಾವಿರಾರು ಮೈಲಿ ಸಾಗಿ ಮುಖ ಕಾಣದವನಿಗೆ ತಲುಪಿದಾಗ ಏನಾಗುತ್ತದೆ ಎಂಬುದು ಆಗಿನ್ನೂ ಯಾರ ಚಿಂತೆಯೂ ಆಗಿರಲಿಲ್ಲ.

ಹೊರಜಗತ್ತಿಗೆ ಈ ಪದವನ್ನು ಒಯ್ದದ್ದು ಸಿನಿಮಾ. 1983ರ ಜೂನ್‌ನಲ್ಲಿ ಜಾನ್ ಬ್ಯಾಡಮ್ ನಿರ್ದೇಶನದ ‘ವಾರ್‌ಗೇಮ್ಸ್’ ಬಿಡುಗಡೆಯಾಯಿತು. ಸಿಯಾಟಲ್ ನಗರದ ಶಾಲಾ ಹುಡುಗನೊಬ್ಬ ಹೊಸ ಆಟವೊಂದನ್ನು ಹುಡುಕುತ್ತ, ಮನೆಯ ಕಂಪ್ಯೂಟರಿನಿಂದ ಸಾಲಾಗಿ ದೂರವಾಣಿ ಸಂಖ್ಯೆಗಳನ್ನು ತಿರುಗಿಸುತ್ತಾನೆ. ತನಗರಿಯದೆ ಕ್ಷಿಪಣಿಗಳನ್ನು ಕಾಯುವ ಸೇನೆಯ ಕಂಪ್ಯೂಟರಿನೊಳಗೆ ಹೊಕ್ಕು ಅಣುಯುದ್ಧದ ಅಂಚಿಗೆ ಜಗತ್ತನ್ನು ತಂದು ನಿಲ್ಲಿಸುತ್ತಾನೆ. ನ್ಯಾಯವಾಗಿ ನೋಡಿದರೆ ಆ ಚಿತ್ರದಲ್ಲಿ ಖಳನಾಯಕ ಹುಡುಗನಲ್ಲ. ಮನುಷ್ಯನ ಕೈಯಿಂದ ನಿರ್ಧಾರ ಕಸಿದು ಯಂತ್ರಕ್ಕೆ ಒಪ್ಪಿಸಿದ ಸೇನೆಯ ಮೂರ್ಖತನ. ಆದರೆ ನೋಡಿದವರಿಗೆ ನೆನಪುಳಿದದ್ದು ಮಲಗುವ ಕೋಣೆಯಲ್ಲಿ ಕುಳಿತ ಹುಡುಗ.

ಆ ವಾರಾಂತ್ಯದಲ್ಲೇ ಅಧ್ಯಕ್ಷ ರೊನಾಲ್ಡ್ ರೇಗನ್ ಕ್ಯಾಂಪ್ ಡೇವಿಡ್‌ನಲ್ಲಿ ಈ ಚಿತ್ರ ನೋಡಿದರು. ಕೆಲವು ದಿನಗಳ ನಂತರ ಸಭೆಯೊಂದರಲ್ಲಿ ಕಥೆಯನ್ನು ವಿವರಿಸಿ, ಹೀಗೆ ನಿಜಕ್ಕೂ ಆಗಬಹುದೇ ಎಂದು ಸೇನಾ ಮುಖ್ಯಸ್ಥ ಜನರಲ್ ಜಾನ್ ವೆಸ್ಸಿಯವರನ್ನು ಕೇಳಿದರು. ವಾರದ ಬಳಿಕ ಬಂದ ಉತ್ತರ, ಪರಿಸ್ಥಿತಿ ನೀವೆಣಿಸಿದ್ದಕ್ಕಿಂತ ಕೆಟ್ಟದಾಗಿದೆ ಎಂಬುದಾಗಿತ್ತು. 1984ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್ ಭದ್ರತೆಯ ಕುರಿತು ಅಧ್ಯಕ್ಷರ ರಹಸ್ಯ ಆದೇಶ ಹೊರಟಿತು. ಈ ನಡುವೆ ಮಿಲ್ವಾಕಿ ನಗರದ ಕೆಲವು ಹುಡುಗರು ಲಾಸ್ ಅಲಮೋಸ್ ಪ್ರಯೋಗಾಲಯ, ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ನುಗ್ಗಿ ಸಿಕ್ಕಿಬಿದ್ದರು. 1983ರ ಸೆಪ್ಟೆಂಬರ್‌ನ ‘ನ್ಯೂಸ್‌ವೀಕ್’ ಮುಖಪುಟದಲ್ಲಿ ಅವರಲ್ಲೊಬ್ಬನ ಚಿತ್ರ ಬಂತು. ಸಂಸತ್ತಿನ ವಿಚಾರಣೆಯಲ್ಲಿ ಸಿನಿಮಾದ ತುಣುಕನ್ನೇ ತೋರಿಸಲಾಯಿತು. ಸಮಿತಿಯ ವರದಿ ಆ ಚಿತ್ರವನ್ನು ವಾಸ್ತವಕ್ಕೆ ಹತ್ತಿರವಾದದ್ದೆಂದು ಹೆಸರಿಸಿತು. 1984ರಲ್ಲಿ ಮೊದಲ ಕಾನೂನು ಬಂತು. 1986ರಲ್ಲಿ ಅದು ಹಿಗ್ಗಿ ‘ಕಂಪ್ಯೂಟರ್ ವಂಚನೆ ಮತ್ತು ದುರ್ಬಳಕೆ ಕಾಯ್ದೆ’ಯಾಯಿತು. ‘ಅನುಮತಿ ಮೀರಿದ ಪ್ರವೇಶ’ ಎಂಬ ಅದರ ಮಾತಿಗೆ ಎಲ್ಲೆ ಎಲ್ಲಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಬಿಗಿಯಾಗಿ ಹೇಳಿದ್ದು 2021ರಲ್ಲಿ, ಮೂವತ್ತೈದು ವರ್ಷಗಳ ನಂತರ.

ತೆರೆಯ ಮೇಲಿನ ಒಂದು ಮುಖ ಜನರ ತಲೆಯಲ್ಲಿ ಗುಮಾನಿಯಾಗಿ, ಗುಮಾನಿ ಕಾನೂನಾಗಿ ಗಟ್ಟಿಯಾಗುವ ಬಗೆಯನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶವೂ ಆ ಪದವನ್ನು ಸಿದ್ಧವಾಗಿಯೇ ಎರವಲು ತಂದಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನ ತಲೆಬರಹವೇ ‘ಹ್ಯಾಕಿಂಗ್’ ಎಂದಿತ್ತು. ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಹಾನಿಯ ಉದ್ದೇಶದಿಂದ ಅಳಿಸುವುದು, ಬದಲಿಸುವುದು, ಅದರ ಮೌಲ್ಯ ಕುಗ್ಗಿಸುವುದು ಹ್ಯಾಕಿಂಗ್. ಮೂರು ವರ್ಷಗಳವರೆಗೆ ಸೆರೆ. 2008ರ ತಿದ್ದುಪಡಿ ಆ ಪದವನ್ನು ತೆಗೆದುಹಾಕಿ ‘ಕಂಪ್ಯೂಟರ್ ಸಂಬಂಧಿತ ಅಪರಾಧಗಳು’ ಎಂದು ಮಾಡಿತು, ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶವಿರಬೇಕೆಂಬ ಮಾತನ್ನು ಸೇರಿಸಿತು. ಕಾನೂನಿನ ಪುಸ್ತಕದಿಂದ ಹೋದರೂ ಪದ ನಮ್ಮ ಶೀರ್ಷಿಕೆಗಳಿಂದ ಹೋಗಲಿಲ್ಲ.

ವಿಚಿತ್ರವೆಂದರೆ, ‘ನ್ಯೂಸ್‌ವೀಕ್’ ಆ ಮುಖಪುಟ ಅಚ್ಚು ಹಾಕಿದ ತಿಂಗಳಲ್ಲೇ, 1983ರ ಸೆಪ್ಟೆಂಬರ್ 27ರಂದು, ಎಂಐಟಿಯ ರಿಚರ್ಡ್ ಸ್ಟಾಲ್ಮನ್ ‘ಗ್ನು’ ಯೋಜನೆಯನ್ನು ಘೋಷಿಸಿದರು. ಡ್ರಾಯರಿನ ಕಾಗದದ ಸುರುಳಿಗಳ ಕಾಲ ಮುಗಿದಿತ್ತು. ಕಂಪನಿಗಳು ತಂತ್ರಾಂಶದ ಮೂಲ ಬರಹವನ್ನು ಮುಚ್ಚಿಡತೊಡಗಿದ್ದವು. 1976ರಲ್ಲೇ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ಹಣ ಕೊಡದೆ ತಂತ್ರಾಂಶ ನಕಲು ಮಾಡುವುದು ಕಳ್ಳತನ ಎಂದಿದ್ದರು. ಸ್ಟಾಲ್ಮನ್ ಅದಕ್ಕೆ ವಿರುದ್ಧವಾದ ನೀತಿಯನ್ನು ಹಿಡಿದರು: ಹಂಚದಿರುವುದೇ ತಪ್ಪು. ಆ ಹಠದಿಂದ 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬಂತು, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಮರುವರ್ಷ ಅದೇ ಪರವಾನಗಿಯಡಿ ಸೇರಿತು. ಇಂದು ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೆ ಓಡುತ್ತಿರುವುದು ಅದೇ ಲಿನಕ್ಸ್. ಹಳೆಯ ಹ್ಯಾಕರುಗಳು 1985ರ ಸುಮಾರಿಗೆ ಕನ್ನ ಹಾಕುವವರಿಗೆ ‘ಕ್ರ್ಯಾಕರ್’ ಎಂಬ ಬೇರೆ ಪದವನ್ನು ಟಂಕಿಸಿ, ತಮ್ಮ ಹೆಸರು ತಮಗೆ ಮರಳಿ ಸಿಗಲೆಂದು ಪ್ರಯತ್ನಿಸಿದರು. ಪತ್ರಕರ್ತರು ಕಿವಿಗೊಡಲಿಲ್ಲ.

ಸಿನಿಮಾದಿಂದ ಹುಟ್ಟಿದ ಆ ಕಾನೂನು ಹ್ಯಾಕರ್ ಪದದ ತವರಿಗೇ ಮರಳಿದ್ದು 2011ರಲ್ಲಿ. ಆರನ್ ಸ್ವಾರ್ಟ್ಜ್ ಹದಿನಾಲ್ಕನೇ ವಯಸ್ಸಿಗೇ ಆರ್‌ಎಸ್‌ಎಸ್ ಎಂಬ ಅಂತರ್ಜಾಲ ಮಾನದಂಡವನ್ನು ರೂಪಿಸಿದವರಲ್ಲೊಬ್ಬ. ಕ್ರಿಯೇಟಿವ್ ಕಾಮನ್ಸ್ ಕಟ್ಟುವಲ್ಲೂ ಕೈ ಜೋಡಿಸಿದವನು. ಹೊರಗಿನಿಂದ ಬಂದವರಿಗೂ ತೆರೆದಿದ್ದ ಎಂಐಟಿಯ ಜಾಲಕ್ಕೆ ತನ್ನ ಲ್ಯಾಪ್‌ಟಾಪ್ ಜೋಡಿಸಿ, ಜೆಸ್ಟೋರ್ ಸಂಗ್ರಹದಿಂದ 40 ಲಕ್ಷಕ್ಕೂ ಹೆಚ್ಚು ವಿದ್ವತ್ ಲೇಖನಗಳನ್ನು ಇಳಿಸಿಕೊಂಡ ಆರೋಪ ಅವನ ಮೇಲೆ ಬಂತು. ಜೆಸ್ಟೋರ್ ಅವನೊಂದಿಗೆ ರಾಜಿಯಾಗಿ ಹಿಂದೆ ಸರಿಯಿತು. ಸರ್ಕಾರಿ ವಕೀಲರು ಸರಿಯಲಿಲ್ಲ. 35 ವರ್ಷಗಳವರೆಗೆ ಸೆರೆಯಾಗಬಹುದೆಂದು ಪ್ರಕಟಣೆ ಹೊರಡಿಸಿದರು, 2012ರಲ್ಲಿ ಆರೋಪಗಳನ್ನು 13ಕ್ಕೆ ಏರಿಸಿದರು. ಎಂಐಟಿ ತಟಸ್ಥವಾಗಿರುತ್ತೇನೆಂದಿತು. ಪಾಸ್‌ವರ್ಡೇ ಬೇಡವೆಂದ ಯಂತ್ರವನ್ನು ಕಟ್ಟಿದ ಸಂಸ್ಥೆ ಅದು. ಅಲ್ಲಿ ತಟಸ್ಥತೆ ಎಂಬುದು ಯಾರ ಪರವೂ ಅಲ್ಲದ ನಿಲುವೆಂದು ನನಗಂತೂ ಅನಿಸುವುದಿಲ್ಲ. 2013ರ ಜನವರಿ 11ರಂದು, ವಿಚಾರಣೆಗೆ ಮುನ್ನವೇ, ಸ್ವಾರ್ಟ್ಜ್ ತನ್ನ ಜೀವ ಕಳೆದುಕೊಂಡ. ವಯಸ್ಸು 26.

ಹೊರಗಿನವರು ಇವರನ್ನು ತಪ್ಪಾಗಿ ತಿಳಿದರೆಂಬುದು ಕಥೆಯ ಅರ್ಧ ಭಾಗ. ಒಳಗಿನವರು ತಮ್ಮ ಬಾಗಿಲಿಗೆ ಬಂದವರನ್ನು ಹೇಗೆ ನಡೆಸಿಕೊಂಡರು?

ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲದಲ್ಲಿ ಒಂದು ವಾಡಿಕೆಯಿತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊಸಬರು ಸೇರಿ ಜಾಲಕ್ಕೆ ಬರುವರು, ಗದ್ದಲ ಮಾಡುವರು, ಹಳಬರು ಗದರಿಸುವರು. ತಿಂಗಳೊಪ್ಪತ್ತಿನಲ್ಲಿ ಅವರೂ ರೀತಿನೀತಿ ಕಲಿಯುವರು. 1993-94ರಲ್ಲಿ ಖಾಸಗಿ ಕಂಪನಿಗಳು ಜನಸಾಮಾನ್ಯರಿಗೂ ಆ ಬಾಗಿಲು ತೆರೆದಾಗ ಹೊಸಬರ ಪ್ರವಾಹ ನಿಲ್ಲಲೇ ಇಲ್ಲ. 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಎಂಬುದು ಹಳಬರ ತಮಾಷೆ. ಸ್ವಲ್ಪ ಕಿವಿಗೊಟ್ಟರೆ ಆ ತಮಾಷೆಯಲ್ಲಿ ಊರಿಗೆ ವಲಸೆ ಬಂದವರ ಬಗ್ಗೆ ಮೂಲನಿವಾಸಿಗಳು ಆಡುವ ಗೊಣಗಾಟ ಕೇಳಿಸುತ್ತದೆ. 1995ರಲ್ಲಿ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಜಾಲ ಶಿಷ್ಟಾಚಾರದ ಅಧಿಕೃತ ಮಾರ್ಗಸೂಚಿಯನ್ನೇ ಬರೆದರು.

ಪ್ರೋಗ್ರಾಮರುಗಳ ನಡುವೆ ಮಾತ್ರ ಅದಕ್ಕಿಂತ ಹೆಚ್ಚು ಓಡಾಡಿದ್ದು ನಾಲ್ಕಕ್ಷರದ ಒಂದು ಗದರಿಕೆ: ಆರ್‌ಟಿಎಫ್‌ಎಂ. ಹೋಗಿ ಕೈಪಿಡಿ ಓದು ಎಂದರ್ಥ. ನಡುವಿನ ಒಂದಕ್ಷರ ಬೈಗುಳ. 2001ರಲ್ಲಿ ಎರಿಕ್ ರೇಮಂಡ್ ಮತ್ತು ರಿಕ್ ಮೋಯೆನ್ ಜಾಣತನದಿಂದ ಪ್ರಶ್ನೆ ಕೇಳುವುದು ಹೇಗೆಂದು ಸುದೀರ್ಘ ಪ್ರಬಂಧ ಬರೆದರು. ಕೇಳುವ ಮೊದಲು ಹುಡುಕು, ಏನೇನು ಪ್ರಯತ್ನಿಸಿದೆ ಎಂದು ಹೇಳು, ಭಾಷೆ ಅಚ್ಚುಕಟ್ಟಾಗಿರಲಿ. ಒಳ್ಳೆಯ ಸಲಹೆಗಳೇ. ಇಂಗ್ಲಿಷ್ ನನ್ನ ಮಾತೃಭಾಷೆಯಲ್ಲ, ತಪ್ಪುಗಳಿದ್ದರೆ ಮನ್ನಿಸಿ ಎಂದು ಬರೆಯಬಹುದೆಂಬ ರಿಯಾಯಿತಿಯೂ ಇದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದ ಹುಡುಗಿಗೆ ಅದನ್ನು ಓದಿದಾಗ ಹೇಗನ್ನಿಸಬಹುದು ಎಂದು ಯೋಚಿಸಿ. ಮೊದಲು ಕ್ಷಮೆ ಕೇಳಿ ಆಮೇಲೆ ಪ್ರಶ್ನೆ ಕೇಳಬೇಕು. ಕೈಪಿಡಿ ಓದು ಎನ್ನುವವನು ಅದು ಯಾರ ಭಾಷೆಯಲ್ಲಿದೆ ಎಂಬುದನ್ನು ಮರೆತಿರುತ್ತಾನೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ‘ಅದಬ್’ ಎಂಬ ಮಾತಿದೆ. ಬಾಲಕನಾಗಿದ್ದ ಇಮಾಮ್ ಮಾಲಿಕರನ್ನು ಗುರು ರಬೀಆರ ಬಳಿಗೆ ಕಳುಹಿಸುವಾಗ ಅವರ ತಾಯಿ, ಅವರಿಂದ ಜ್ಞಾನಕ್ಕಿಂತ ಮೊದಲು ಅದಬನ್ನು ಕಲಿ ಎಂದು ಹೇಳಿದರೆಂಬ ಕಥನ ಪ್ರಸಿದ್ಧ. ಗಮನಿಸಬೇಕಾದದ್ದೆಂದರೆ, ಇಲ್ಲಿ ಅದಬು ಗುರುವಿನಲ್ಲಿ ಮೊದಲೇ ಇದೆ. ಶಿಷ್ಯ ಅದನ್ನು ನೋಡಿ ಕಲಿಯಬೇಕು. ಕೇಳುವವನಿಗೆ ಇಪ್ಪತ್ತು ನಿಯಮ ಹಾಕಿ ಉತ್ತರಿಸುವವನಿಗೆ ಬೈಯುವ ಹಕ್ಕನ್ನು ಉಳಿಸಿಕೊಡುವುದು ಬೇರೆಯೇ ಬಗೆ.

ಆ ಬಗೆಗೆ ಬೆಲೆ ತೆರಬೇಕಾಯಿತು. ಲಿನಕ್ಸ್ ಬಳಗದಲ್ಲಿ ಟೊರ್ವಾಲ್ಡ್ಸ್ ಅವರ ಬೈಗುಳಗಳು ದಂತಕಥೆಯಂತಿದ್ದವು. ಇಂಟೆಲ್‌ನಲ್ಲಿದ್ದ ಸಾರಾ ಶಾರ್ಪ್ 2013ರಲ್ಲಿ ಇದನ್ನು ಎಲ್ಲರೆದುರಿಗೆ ಪ್ರಶ್ನಿಸಿದರು. 2015ರಲ್ಲಿ ತಾವು ಹೊರಬಿದ್ದುದನ್ನು ಬಹಿರಂಗಪಡಿಸಿದರು. 2018ರ ಸೆಪ್ಟೆಂಬರ್ 16ರಂದು ಟೊರ್ವಾಲ್ಡ್ಸ್ ತಮ್ಮ ಮಾತುಗಳಿಂದ ಜನ ನೊಂದಿದ್ದಾರೆಂದು ಒಪ್ಪಿ ಕ್ಷಮೆ ಕೇಳಿ, ಸ್ವಲ್ಪ ಕಾಲ ಕೆಲಸದಿಂದ ದೂರ ಉಳಿದರು. ಅದೇ ದಿನಗಳಲ್ಲಿ ಬಳಗಕ್ಕೊಂದು ನಡತೆಯ ಸಂಹಿತೆಯೂ ಬಂತು. 2008ರಲ್ಲಿ ಪ್ರಾರಂಭವಾಗಿ ಕೋಟ್ಯಂತರ ಪ್ರಶ್ನೋತ್ತರಗಳನ್ನು ಕೂಡಿಹಾಕಿದ್ದ ಸ್ಟ್ಯಾಕ್ ಓವರ್‌ಫ್ಲೋ ಸಹ 2018ರಲ್ಲಿ, ಹೊಸಬರಿಗೆ, ಹೆಂಗಸರಿಗೆ, ಬಿಳಿಯರಲ್ಲದವರಿಗೆ ತನ್ನ ಅಂಗಳ ಹಿತವಾಗಿಲ್ಲವೆಂದು ಒಪ್ಪಿಕೊಂಡಿತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿಯ ಹೊಸ ಪ್ರಶ್ನೆಗಳ ಸಂಖ್ಯೆ ಭಾರೀ ಕುಸಿಯಿತು. ಯಂತ್ರ ಬೇಗ ಉತ್ತರಿಸುತ್ತದೆಂಬುದು ಒಂದು ಕಾರಣ. ಯಂತ್ರ ಗದರಿಸುವುದಿಲ್ಲ ಎಂಬುದೂ ಒಂದು ಕಾರಣವೆಂದು ನನ್ನ ಗುಮಾನಿ.

ಆದರೂ ಈ ಜನ ಒಂದು ಸಂಗತಿಯಲ್ಲಿ ಅಸಾಧಾರಣ ಎಚ್ಚರ ತೋರಿದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯ. ಯಾವ ಸಾಲನ್ನು ಯಾರು ಬರೆದರು ಎಂಬುದರ ದಾಖಲೆ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೃತಿ ಸೇರಿದೆಯೆಂದು ಐಬಿಎಂ ಮೇಲೆ ದಾವೆ ಹೂಡಿತು. ಮರುವರ್ಷದಿಂದ ಲಿನಕ್ಸ್‌ಗೆ ಕಳುಹಿಸುವ ಪ್ರತಿ ತಿದ್ದುಪಡಿಯ ಕೊನೆಗೂ ಬರೆದವರು, ಅದನ್ನು ದಾಟಿಸಿದವರು ಸಾಲಾಗಿ ಹೆಸರು ಹಾಕಿ ಸಹಿ ಮಾಡುವ ಪದ್ಧತಿ ಬಂತು. 2005ರಲ್ಲಿ ಟೊರ್ವಾಲ್ಡ್ಸ್ ಬರೆದ ‘ಗಿಟ್’ ಎಂಬ ತಂತ್ರಾಂಶ ಈ ಸರಪಳಿಯನ್ನು ಅಳಿಸಲು ಸುಲಭವಲ್ಲದಂತೆ ಕಾಪಾಡುತ್ತದೆ. (ಯಾವ ಸಾಲು ಯಾರದೆಂದು ತೋರಿಸುವ ಅದರ ಆಜ್ಞೆಯ ಹೆಸರು ‘ಬ್ಲೇಮ್’, ಅಂದರೆ ದೂರು. ಅದಕ್ಕೂ ಹಳೆಯ ಸಬ್‌ವರ್ಷನ್ ಎಂಬ ತಂತ್ರಾಂಶದಲ್ಲಿ ಅದೇ ಆಜ್ಞೆಗೆ ‘ಪ್ರೇಸ್’, ಹೊಗಳಿಕೆ, ಎಂಬ ಪರ್ಯಾಯ ಹೆಸರನ್ನೂ ಇಟ್ಟಿದ್ದರು.) ಹದೀಸ್ ಶಾಸ್ತ್ರವನ್ನು ಸ್ವಲ್ಪ ಬಲ್ಲವರಿಗೆ ಇದು ಅಪರಿಚಿತವಲ್ಲ. ಇಂಥವರಿಂದ ಇಂಥವರು ಕೇಳಿದರು, ಅವರಿಂದ ಇವರು ಎಂಬ ‘ಸನದ್’ ಇಲ್ಲದೆ ಮಾತನ್ನು ಸ್ವೀಕರಿಸುವಂತಿರಲಿಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ನಿಜ. ಆದರೆ ಅಲ್ಲಿ ಸರಪಳಿಯ ಜೊತೆಗೆ ಇನ್ನೊಂದು ಶಾಸ್ತ್ರವೇ ಬೆಳೆಯಿತು: ‘ಅಸ್ಮಾಉರ್ರಿಜಾಲ್’. ಸರಪಳಿಯಲ್ಲಿರುವ ಪ್ರತಿಯೊಬ್ಬನೂ ಯಾರು, ಎಲ್ಲಿಯವನು, ನಂಬಿಗಸ್ಥನೇ ಎಂಬ ವಿಚಾರಣೆ. ಯಾರೆಂದು ತಿಳಿಯದ ‘ಮಜ್‌ಹೂಲ್’ ವರದಿಗಾರನಿದ್ದರೆ ಆ ಹದೀಸ್ ದುರ್ಬಲ.

2024ರಲ್ಲಿ ಕಂಡದ್ದು ಇದೇ ಕೊರತೆ. ‘ಎಕ್ಸ್‌ಝೆಡ್’ ಎಂಬುದು ಕಡತಗಳನ್ನು ಕುಗ್ಗಿಸುವ ಚಿಕ್ಕ ತಂತ್ರಾಂಶ. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿರುತ್ತದೆ. ಅದನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್. 2021ರ ಕೊನೆಯಿಂದ ‘ಜಿಯಾ ಟ್ಯಾನ್’ ಎಂಬ ಹೆಸರಿನ ಸಹಾಯಕ ಕಾಣಿಸಿಕೊಂಡ. ಸೌಜನ್ಯ, ತಾಳ್ಮೆ, ಉಪಯುಕ್ತ ತಿದ್ದುಪಡಿಗಳು. 2022ರಲ್ಲಿ ಬೇರೆ ಕೆಲವು ಹೆಸರುಗಳು ಬಂದವು, ಒಂದಂತೂ ಭಾರತೀಯನದೆನ್ನುವಂತೆ. ಅವರು ಕಾಲಿನ್ ಅವರನ್ನು ಹೀಯಾಳಿಸತೊಡಗಿದರು. ಕೆಲಸ ನಿಧಾನವಾಗಿದೆ, ಬೇರೆಯವರಿಗೆ ಒಪ್ಪಿಸಿ. ತಮ್ಮ ಮಾನಸಿಕ ಆರೋಗ್ಯ ಬಹುಕಾಲದಿಂದ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಎಂದು ಅವರು ಉತ್ತರಿಸಿದರೂ ಒತ್ತಡ ನಿಲ್ಲಲಿಲ್ಲ. ಕೊನೆಗೆ ಜಿಯಾ ಟ್ಯಾನ್‌ಗೆ ಅಧಿಕಾರ ಸಿಕ್ಕಿತು. 2024ರ ಫೆಬ್ರವರಿ, ಮಾರ್ಚ್‌ನ ಎರಡು ಆವೃತ್ತಿಗಳಲ್ಲಿ ಅವನು ಕಳ್ಳಬಾಗಿಲೊಂದನ್ನು ಅಡಗಿಸಿಟ್ಟ. ಬೈದವರೂ ಸಂತೈಸಿದವನೂ ಒಂದೇ ಗುಂಪೆಂದು ಈಗ ಬಹುತೇಕ ಎಲ್ಲರೂ ನಂಬುತ್ತಾರೆ. ಒರಟುತನವನ್ನು ಮಾಮೂಲೆಂದು ಒಪ್ಪಿಕೊಂಡ ಸಮುದಾಯದಲ್ಲಿ ಒರಟುತನ ಆಯುಧವಾದಾಗ ಯಾರಿಗೂ ಅನುಮಾನ ಬರಲಿಲ್ಲ.

ಅದನ್ನು ಪತ್ತೆ ಮಾಡಿದ್ದು ಯಾವ ಬೇಹುಗಾರಿಕೆ ಸಂಸ್ಥೆಯೂ ಅಲ್ಲ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದ, ಭದ್ರತಾ ತಜ್ಞರೇನೂ ಅಲ್ಲದ ಆಂಡ್ರೆಸ್ ಫ್ರಾಯಿಂಡ್, ತಮ್ಮ ಪರೀಕ್ಷಾ ಯಂತ್ರಕ್ಕೆ ಪ್ರವೇಶ ಪಡೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಗಮನಿಸಿದರು. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಅವರು ಹಲಗೆಯ ಕೆಳಗೆ ಬಗ್ಗಿ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ನೋಡುವವರಂತೆ ಕಾರಣ ಹುಡುಕುತ್ತ ಹೋಗಿ, ಮಾರ್ಚ್ 29ರಂದು ಸಿಕ್ಕಿದ್ದೆಲ್ಲವನ್ನೂ ಎಲ್ಲರಿಗೂ ಕಾಣುವಂತೆ ಬರೆದು ಪ್ರಕಟಿಸಿದರು. ಬಾಧಿತ ಆವೃತ್ತಿಗಳು ಇನ್ನೂ ಹೆಚ್ಚಿನ ಯಂತ್ರಗಳಿಗೆ ತಲುಪಿರಲಿಲ್ಲ. ಜಿಯಾ ಟ್ಯಾನ್ ಯಾರೆಂದು ಸಾಬೀತಾಗಿಲ್ಲ. ಲಾಸ್ಸೆ ಕಾಲಿನ್ ಕಳ್ಳಬಾಗಿಲನ್ನು ಕಿತ್ತು ತೆಗೆದು, ಆ ತಂತ್ರಾಂಶದ ಉಸ್ತುವಾರಿಯನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು.